ಘಾಟಿ ಹತ್ತುವಾಗ ಹಳೇ ಕಾರು ಕುದಿಯೋದು ಯಾಕೆ: ಥರ್ಮೋಸ್ಟಾಟ್ ಕಿತ್ತು ಬಿಸಾಕೋ ಮುಂಚೆ ಇದನ್ನ ಓದಿ

ಆಗುಂಬೆ ಘಾಟಿ ತಿರುವಲ್ಲಿ ಗಾಡಿ ನಿಲ್ಸಿ, ಬಾನೆಟ್ ಎತ್ತಿಟ್ಟು, ಸೊಂಟದ ಮೇಲೆ ಕೈ ಇಟ್ಕೊಂಡು ನಿಂತಿರೋ ಜನಾನ ನೀವು ನೋಡೇ ಇರ್ತೀರಿ. ಹೋದ ವರ್ಷ ಮಾರ್ಚಲ್ಲಿ ಹಾಗೆ ನಿಂತಿದ್ದು ನಾನು ಮತ್ತೆ ನಮ್ಮ ದೊಡ್ಡಪ್ಪ. ಉಡುಪಿ ಕಡೆ ಒಂದು ಮದುವೆ ಮುಗಿಸ್ಕೊಂಡು ಹೆಬ್ರಿ ಮೇಲೆ ತೀರ್ಥಹಳ್ಳಿಗೆ ವಾಪಸ್ ಬರ್ತಾ ಇದ್ವಿ, ಗಾಡಿ ದೊಡ್ಡಪ್ಪನ 1967ರ ಎಂಜಿಬಿ, ತಲೆ ಮೇಲೆ ಟಾಪ್ ಇಲ್ಲದ ಎರಡು ಸೀಟಿನ ಇಂಗ್ಲೆಂಡಿನ ಕೆಂಪು ಸ್ಪೋರ್ಟ್ಸ್ ಗಾಡಿ, ಸೋಮೇಶ್ವರ ದಾಟಿದ್ಮೇಲೆ ಮುಂದೆ ಒಂದು ಟೆಂಪೋ ಟ್ರಾವೆಲರ್ ಸಿಕ್ಕಿತು, ಓವರ್‌ಟೇಕ್ ಮಾಡಕ್ಕೆ ಜಾಗ ಇಲ್ಲ, ಅದರ ಬಾಲ ಹಿಡ್ಕೊಂಡು ಫಸ್ಟ್ ಸೆಕೆಂಡ್ ಗೇರಲ್ಲೇ ಹತ್ತಬೇಕಾಯ್ತು. ಹತ್ತನೇ ತಿರುವು ಇರಬೇಕು, ಬೆಲ್ಲದ ಪಾಕ ತಳ ಹಿಡಿದ ಹಾಗೆ ಒಂದು ಸಿಹಿ ಸುಟ್ಟ ವಾಸನೆ ಬಂತು. ಅದು ಕೂಲೆಂಟ್, ಅಂದ್ರೆ ಇಂಜಿನ್ ತಂಪು ಮಾಡೋ ನೀರಿಗೆ ಬೆರೆಸೋ ದ್ರವದ ವಾಸನೆ. ಹೀಟ್ ಗೇಜಿನ ಮುಳ್ಳು ನೋಡಿದ್ರೆ ಪೂರ್ತಿ ಬಲಕ್ಕೆ ಹೋಗಿ ಮಲಗಿತ್ತು. ನಿಲ್ಸಿ ಬಾನೆಟ್ ಎತ್ತೋ ಹೊತ್ತಿಗೆ ಒಂದು ಮಂಗ ಬಂದು ಸೀಟಿನ ಹಿಂದೆ ಇಟ್ಟಿದ್ದ ಮದುವೆ ಮನೆ ತಾಂಬೂಲದ ಚೀಲ ಎತ್ಕೊಂಡು ಹೋಯ್ತು, ಅದು ಬೇರೆ ಕಥೆ.

ಅರ್ಧ ಗಂಟೆ ನಿಂತಿದ್ವಿ, ಅಷ್ಟರಲ್ಲಿ ನಿಲ್ಸಿ ವಿಚಾರ್ಸಿದ ನಾಕು ಜನ ನಾಕು ಔಷಧಿ ಹೇಳಿದ್ರು. ಥರ್ಮೋಸ್ಟಾಟ್ (ಇಂಜಿನ್ ಕಾಯೋವರೆಗೆ ನೀರನ್ನ ರೇಡಿಯೇಟರಿಗೆ ಬಿಡದ ಸಣ್ಣ ಬಾಗ್ಲು) ಕಿತ್ತಾಕಿ. ದೊಡ್ಡ ರೇಡಿಯೇಟರ್ ಹಾಕ್ಸಿ. ಎಲೆಕ್ಟ್ರಿಕ್ ಫ್ಯಾನ್ ಹಾಕ್ಸಿ. ಒಬ್ರಂತೂ ಬಾನೆಟ್ ಹಿಂಬದಿ ಎರಡು ವಾಷರ್ ಕೊಟ್ಟು ಎತ್ತಿಟ್ರೆ ಸಾಕು ಅಂದ್ರು. ದೊಡ್ಡಪ್ಪಂಗೆ ಹೊಸದೇನಲ್ಲ, ಯಾಕಂದ್ರೆ ವಾಷರ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಅವ್ರು ವರ್ಷಕ್ಕೊಂದರಂತೆ ಮಾಡ್ಸಿ ಆಗಿತ್ತು, ದುಡ್ಡೂ ಹೋಗಿತ್ತು, ಗಾಡಿ ಮಾತ್ರ ಅದೇ ಘಾಟಿಯಲ್ಲಿ ಅದೇ ಥರ ಕುದೀತಿತ್ತು. ಆಮೇಲೆ ಶಿವಮೊಗ್ಗದ ಒಬ್ರು ಹಳೇ ಮೇಸ್ತ್ರಿ ಒಂದು ಮಧ್ಯಾಹ್ನದಲ್ಲಿ ರೋಗ ಹಿಡಿದು ಕೊಟ್ರು. ಅವ್ರ ಹತ್ರ ಕೂತು ಕಲ್ತಿದ್ದನ್ನೇ ಇಲ್ಲಿ ಬರೀತಿದ್ದೀನಿ.

ಅವ್ರು ಮೊದಲು ಗಾಡಿ ಮುಟ್ಟಲೇ ಇಲ್ಲ, ಕೇಳಿದ್ದು ಒಂದೇ: "ಯಾವಾಗ ಹೀಟಾಗ್ತದೆ ಗೌಡ್ರೆ?"

ದೊಡ್ಡಪ್ಪ "ಯಾವಾಗ ಅಂದ್ರೆ ಎಂತ ಮಾರಾಯ್ರೆ, ಹೀಟಾಗ್ತದೆ ಅಷ್ಟೇ" ಅಂದ್ರು. ನಿಜ ಹೇಳ್ಬೇಕಂದ್ರೆ ಎಲ್ಲಾ ಅಲ್ಲೇ ಇರೋದು. ಹೀಟಾಗೋದು ಒಂದು ಕಾಯಿಲೆ ಅಲ್ಲ, ಜ್ವರ ಇದ್ದಂಗೆ. ಜ್ವರಕ್ಕೆ ಡಾಕ್ಟ್ರು ಬೆಳಿಗ್ಗೆ ಬರುತ್ತಾ ಸಂಜೆ ಬರುತ್ತಾ, ಚಳಿ ಬಿಟ್ಟು ಬರುತ್ತಾ ಅಂತ ಕೇಳ್ತಾರಲ್ಲ, ಹಾಗೆ. ಗೋಪಿ ಸರ್ಕಲ್ ಸಿಗ್ನಲಲ್ಲಿ ನಿಂತಾಗ ಮುಳ್ಳು ಏರಿ, ಊರು ಬಿಟ್ಟು ಸ್ವಲ್ಪ ಸ್ಪೀಡ್ ಹಿಡಿದ ಕೂಡ್ಲೇ ಇಳಿಯುತ್ತಾ? ಹಾಗಾದ್ರೆ ಗಾಳಿ ಸಾಲ್ತಿಲ್ಲ, ಫ್ಯಾನ್ ಕಡೆ ನೋಡಿ. ಊರೊಳಗೆ ಆರಾಮಾಗಿದ್ದು, ಹೈವೇಲಿ ಎಂಬತ್ತರಲ್ಲಿ ಹೋಗ್ತಾ ಹೋಗ್ತಾ ಏರುತ್ತಾ? ಗಾಳಿ ಬೇಕಾದಷ್ಟಿದೆ, ನೀರು ಓಡ್ತಿಲ್ಲ ಅಥವಾ ರೇಡಿಯೇಟರ್ ಒಳಗೆ ಕಟ್ಟಿದೆ. ಬರೀ ಏರಲ್ಲಿ, ಆಕ್ಸಿಲರೇಟರ್ ಒತ್ತಿದಾಗ ಮಾತ್ರನಾ? ಅದಾದ್ರೆ ಎರಡು ಸಾಧ್ಯತೆ: ಆಗ್ಲೇ ಹೇಳಿದ ನೀರಿನ ಕಡೆ ಕೊರತೆ, ಇಲ್ಲಾ ಇಂಜಿನ್ನೇ ಬೇಕಿದ್ದಕ್ಕಿಂತ ಜಾಸ್ತಿ ಬಿಸಿ ಹುಟ್ಟಿಸ್ತಿದೆ. ಈ ಕೊನೇದನ್ನ ಯಾರೂ ಯೋಚನೆನೇ ಮಾಡಲ್ಲ. ಎಲ್ಲರ ಕಣ್ಣು ರೇಡಿಯೇಟರ್ ಮೇಲೆ, ಒಲೆ ಕಡೆ ನೋಡೋರೇ ಇಲ್ಲ.

ಬಿಸಿ ಅಂದ್ರೆ ಎಷ್ಟು ಬಿಸಿ ಅಂತ ಒಂದು ಲೆಕ್ಕ ಹಾಕೋಣ. ಪೆಟ್ರೋಲ್ ಉರಿದಾಗ ಬರೋ ಶಕ್ತೀಲಿ ಚಕ್ರ ತಿರುಗಿಸೋಕೆ ಸಿಗೋದು ಹಳೇ ಇಂಜಿನಲ್ಲಿ ಕಾಲು ಭಾಗದ ಆಸುಪಾಸು, ಒಂದು ದೊಡ್ಡ ಪಾಲು ಸೈಲೆನ್ಸರ್ ದಾರೀಲಿ ಹೋಗುತ್ತೆ, ಇನ್ನೊಂದು ಪಾಲು, ಹೆಚ್ಚುಕಮ್ಮಿ ಚಕ್ರಕ್ಕೆ ಹೋದಷ್ಟೇ, ನೀರಿಗೆ ಹೋಗುತ್ತೆ. ಆಗುಂಬೆ ಸಮುದ್ರ ಮಟ್ಟದಿಂದ ಸುಮಾರು 640 ಮೀಟರ್ ಎತ್ತರ, ಘಾಟಿ ಬುಡದಿಂದ ಅರ್ಧ ಕಿಲೋಮೀಟರ್ ಏರಬೇಕು ಅಂತ ಇಟ್ಕೊಳ್ಳಿ. ಇಬ್ರು ಕೂತ ಎಂಜಿಬಿ 1100 ಕೆಜಿ ಅಂದ್ಕೊಂಡ್ರೆ, ಬರೀ ಅದನ್ನ ಮೇಲೆ ಎತ್ತೋಕೆ ಆಗೋ ಕೆಲಸದಷ್ಟೇ ಬಿಸಿ ನೀರಿಗೂ ಹೋಗುತ್ತಲ್ಲ, ಅಷ್ಟು ಬಿಸೀಲಿ ಹದಿನೆಂಟು ಲೀಟರ್ ತಣ್ಣೀರನ್ನ ಕುದಿಯೋವರೆಗೆ ಕಾಯಿಸಬಹುದು. ಗಾಡೀಲಿರೋ ನೀರು ಐದೂವರೆ ಲೀಟರ್ ಅಷ್ಟೇ. ಅಂದ್ರೆ ಘಾಟಿ ಹತ್ತೋ ಅಷ್ಟು ಹೊತ್ತಲ್ಲಿ ಆ ನೀರು ಮೂರು ಸಲಕ್ಕೂ ಮೇಲೆ ಕುದಿಬೇಕಿತ್ತು, ಕುದಿಯದ ಹಾಗೆ ನೋಡ್ಕೊಳ್ಳೋದೇ ರೇಡಿಯೇಟರ್ ಕೆಲಸ. ಅದೂ ಗಂಟೆಗೆ ಇಪ್ಪತ್ತು ಕಿಲೋಮೀಟರ್ ಸ್ಪೀಡಲ್ಲಿ, ಮುಂದಿನ ಗಾಡಿ ಹೊಗೆ ಕುಡೀತಾ.

ಗಾಳಿ ಕಡೆದು ಬೇಗ ಮುಗಿಸ್ತೀನಿ, ಅದು ಸುಲಭ. ಇಂಜಿನ್ ಐಡಲಲ್ಲಿ ಇರೋವಾಗ ರೇಡಿಯೇಟರ್ ಮುಂದೆ ಒಂದು ಹಾಳೆ ನ್ಯೂಸ್ ಪೇಪರ್ ಹಿಡೀರಿ, ಫ್ಯಾನ್ ಸರಿಯಾಗಿ ಎಳೀತಿದ್ರೆ ಅದು ಅಂಟ್ಕೊಂಡು ನಿಲ್ಬೇಕು. ಬೆಲ್ಟ್ ನಡುವೆ ಹೆಬ್ಬೆರಳಲ್ಲಿ ಒತ್ತಿದ್ರೆ ಅರ್ಧ ಇಂಚು ಬಗ್ಗಬೇಕು, ಜಾಸ್ತಿ ಬಗ್ಗಿದ್ರೆ ಸ್ಲಿಪ್ ಆಗ್ತಿದೆ ಅಂತ. ವಾಟರ್ ಪಂಪ್ ಬದಲಾಯ್ಸಿದಾಗ ಫ್ಯಾನ್ ರೆಕ್ಕೆ ತಿರುವು ಮುರುವಾಗಿ ಕೂರ್ಸೋರೂ ಇದಾರೆ. ಮಜಾ ಅಂದ್ರೆ ಉಲ್ಟಾ ಕೂರ್ಸಿದ್ರೂ ಗಾಳಿ ಅದೇ ದಿಕ್ಕಿಗೆ ಬರುತ್ತೆ, ಹಾಗಾಗಿ ಗೊತ್ತೇ ಆಗಲ್ಲ, ಬರೀ ಕಮ್ಮಿ ಬರುತ್ತೆ. ಆಮೇಲೆ ನಮ್ಮ ಕಡೆ ಇನ್ನೊಂದು ಚಟ, ಮಂಜು ಮಳೆ ಅಂತ ಗ್ರಿಲ್ ಮುಂದೆ ಊಟದ ತಟ್ಟೆ ಅಗಲದ ಹಳದಿ ಲೈಟು ಎರಡು ಹಾಕೋದು, ಅದರ ಹಿಂದೆ ರೇಡಿಯೇಟರಿಗೆ ಗಾಳಿ ಎಲ್ಲಿಂದ ಬರ್ಬೇಕು? ಮೊದಲ ಮಳೆ ಬಿದ್ದಾಗ ಹಾರೋ ಗೆದ್ದಲ ಹುಳದ ರೆಕ್ಕೆ, ಭತ್ತದ ಹೊಟ್ಟು, ಕೆಂಪು ಧೂಳು ಎಲ್ಲಾ ಸೇರಿ ರೇಡಿಯೇಟರಿನ ಫಿನ್, ಅಂದ್ರೆ ತೆಳು ತಗಡಿನ ಪದರಗಳ ನಡುವೆ ಗೋಡೆ ಮೆತ್ತಿದ ಹಾಗೆ ಕೂತಿರುತ್ತೆ. ಇಂಜಿನ್ ಕಡೆಯಿಂದ ಹೊರಗಡೆಗೆ ಸಾದಾ ಪೈಪಲ್ಲಿ ನೀರು ಬಿಟ್ಟು ತೊಳೀರಿ, ಸರ್ವೀಸ್ ಸ್ಟೇಷನ್ ಪ್ರೆಷರ್ ಗನ್ ಬೇಡ, ಫಿನ್ ಎಲ್ಲಾ ಮಡಚ್ಕೊಂಡು ಹೋಗುತ್ತೆ. ರೇಡಿಯೇಟರ್ ಸುತ್ತ ಇರೋ ಫೋಮ್ ಪಟ್ಟಿ ಉದುರಿದ್ರೂ ಹೊಸದು ಹಾಕಿ, ಇಲ್ಲಾಂದ್ರೆ ಗಾಳಿ ಸಂದೀಲಿ ನುಗ್ಗಿ ಹೋಗುತ್ತೆ, ರೇಡಿಯೇಟರ್ ಒಳಗೆ ಹೋಗೋ ಕಷ್ಟ ಅದಕ್ಯಾಕೆ.

ನೀರಿನ ಕಡೆ ಬಂದ್ರೆ, ಬಚ್ಚಲು ಮನೆ ಹಂಡೆ ನೆನಪು ಮಾಡ್ಕೊಳ್ಳಿ. ಬೋರ್‌ವೆಲ್ ನೀರು ಕಾಯಿಸಿ ಕಾಯಿಸಿ ತಳದಲ್ಲಿ ಬಿಳಿ ಕಟ್ಟಿರುತ್ತಲ್ಲ, ಅದೇ ಇಂಜಿನ್ ಬ್ಲಾಕ್ ಒಳಗೂ ಕಟ್ಟುತ್ತೆ, ಎರಕದ ಕಬ್ಬಿಣದ ತುಕ್ಕು ಅದಕ್ಕೆ ಸೇರುತ್ತೆ, ಎರಡೂ ಕೂಡಿ ಕೆಸರಾಗಿ ಹಿಂದಿನ ಸಿಲಿಂಡರ್ ಸುತ್ತ ಕೂರುತ್ತೆ. ಬ್ಲಾಕ್ ಪಕ್ಕದಲ್ಲಿ ಒಂದು ಡ್ರೈನ್ ನಲ್ಲಿ ಇರುತ್ತೆ, ಐವತ್ತು ವರ್ಷದ ಗಾಡೀಲಿ ಅದನ್ನ ಬಿಚ್ಚಿದ್ರೆ ಒಂದು ಹನಿ ನೀರೂ ಬರಲ್ಲ, ತಂತಿ ಹಾಕಿ ಕೆದಕಬೇಕು, ಆಗ ಕಾಫಿ ಗಸಿ ಥರದ್ದು ಬರುತ್ತೆ. ನಮ್ಮ ಗಾಡೀಲಿ ಅರ್ಧ ಚೊಂಬು ಬಂತು. ರೇಡಿಯೇಟರ್ ಒಳಗೆ ಕಟ್ಟಿದೆಯಾ ಅಂತ ನೋಡೋಕೆ ಗಾಡಿ ಬಿಸಿ ಮಾಡಿ ಆಫ್ ಮಾಡಿ, ಫ್ಯಾನ್ ನಿಂತ ಮೇಲೆ ಹುಷಾರಾಗಿ ಫಿನ್ ಮೇಲೆ ಅಂಗೈ ಆಡಿಸಿ. ಬಿಸಿ ಬಿಸಿ ಬಿಸಿ ಇದ್ದು ಒಂದು ಕಡೆ ಮಾತ್ರ ತಣ್ಣಗಿದ್ರೆ ಅಲ್ಲಿ ನೀರು ಓಡ್ತಿಲ್ಲ. ಹಳೇ ತಾಮ್ರ ಹಿತ್ತಾಳೆ ರೇಡಿಯೇಟರನ್ನ ಎಸೆಯೋ ಅಗತ್ಯ ಇಲ್ಲ, ಟ್ಯಾಂಕ್ ಬಿಚ್ಚಿ ಒಂದೊಂದು ಟ್ಯೂಬಲ್ಲೂ ಪಟ್ಟಿ ತೂರಿಸಿ ರಾಡಿಂಗ್ ಮಾಡಿ ಮತ್ತೆ ಬೆಸುಗೆ ಹಾಕೋರು ಶಿವಮೊಗ್ಗದಲ್ಲಿ ಇನ್ನೂ ಇದಾರೆ. ಕೆಳಗಿನ ಹೋಸ್ ಪೈಪ್ ಒಂದು ಕಣ್ಣು ನೋಡಿ, ಪಂಪು ನೀರು ಎಳ್ಕೊಳ್ಳೋದು ಅದರಿಂದ, ರಬ್ಬರ್ ಮೆತ್ತಗಾಗಿದ್ರೆ ರೇಸ್ ಕೊಟ್ಟಾಗ ಸ್ಟ್ರಾ ಥರ ಚಪ್ಪಟೆ ಆಗಿ ನೀರು ನಿಂತು ಹೋಗುತ್ತೆ, ನಿಂತ ಗಾಡೀಲಿ ನೋಡಿದ್ರೆ ಚೆನ್ನಾಗೇ ಇರುತ್ತೆ.

ಕೂಲೆಂಟ್ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ, ಅದು ಜಾಸ್ತಿ ಹಾಕಿದಷ್ಟೂ ತಂಪು ಅಂತ. ಬಿಸಿ ಹೊರೋ ವಿಷ್ಯದಲ್ಲಿ ಬರೀ ನೀರೇ ಗಟ್ಟಿ, ಕೂಲೆಂಟಲ್ಲಿರೋ ಗ್ಲೈಕಾಲ್ ಸೇರ್ಸಿದಷ್ಟೂ ಆ ಶಕ್ತಿ ಕಮ್ಮಿ ಆಗುತ್ತೆ. ಗ್ಲೈಕಾಲ್ ಇರೋದು ಹಿಮ ಕಟ್ಟದಿರೋಕೆ ಮತ್ತೆ ಕುದಿಯೋ ಬಿಂದು ಸ್ವಲ್ಪ ಮೇಲೆ ಒಯ್ಯೋಕೆ, ಮಲ್ನಾಡಲ್ಲಿ ಹಿಮ ಎಲ್ಲಿ ಬೀಳುತ್ತೆ? ಆದ್ರೆ ಅದರ ಜೊತೆ ಬರೋ ತುಕ್ಕು ತಡೆಯೋ ರಾಸಾಯನಿಕ ಬೇಕೇ ಬೇಕು. ನಾವೀಗ ಮೂರರಲ್ಲೊಂದು ಪಾಲು ಕೂಲೆಂಟ್, ಮಿಕ್ಕಿದ್ದು ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್. ಹಳೇ ಬೆಸುಗೆ, ಹಿತ್ತಾಳೆಗೆ ಆಗಿಬರೋ ಹಳೇ ನಮೂನೆ ಕೂಲೆಂಟೇ ಅಂತ ಡಬ್ಬಿ ಮೇಲೆ ಓದಿ ತಗೊಳ್ಳಿ, ಬಣ್ಣ ನೋಡಿ ತಗೋಬೇಡಿ, ಬಣ್ಣಕ್ಕೆ ಅರ್ಥ ಇಲ್ಲ.

ಈಗ ಕ್ಯಾಪ್, ಅಂದ್ರೆ ರೇಡಿಯೇಟರ್ ಮುಚ್ಚಳ. ಇದು ಸಣ್ಣ ಸಾಮಾನು, ದೊಡ್ಡ ಕಳ್ಳ. ಕುಕ್ಕರ್ ಮುಚ್ಚಳದ ಮೇಲಿನ ವೆಯಿಟ್ ಏನು ಮಾಡುತ್ತೋ ಇದೂ ಅದನ್ನೇ ಮಾಡೋದು, ಒಳಗೆ ಒತ್ತಡ ಹಿಡಿದಿಟ್ಟು ನೀರನ್ನ 100 ಡಿಗ್ರಿಗೆ ಕುದಿಯೋಕೆ ಬಿಡಲ್ಲ. ಚದರ ಇಂಚಿಗೆ 7 ಪೌಂಡ್ ಒತ್ತಡ ಹಿಡಿಯೋ ಕ್ಯಾಪಿದ್ರೆ ನೀರು ಕುದಿಯೋದು ಸುಮಾರು 111 ಡಿಗ್ರಿಗೆ, 10 ಪೌಂಡಿದ್ರೆ 115ಕ್ಕೆ. ಒತ್ತಡ ಇಲ್ಲಾಂದ್ರೆ ಆಗುಂಬೆ ಎತ್ತರದಲ್ಲಿ 98ಕ್ಕೇ ಕುದಿಯುತ್ತೆ. ಹಳೇ ಎಂಜಿಬಿ ರೇಡಿಯೇಟರ್ ಬಾಯಿಗೆ ಉದ್ದ ಕತ್ತು, ಅದಕ್ಕೆ ಉದ್ದ ಕಾಲಿನ ಕ್ಯಾಪೇ ಬೇಕು. ಈಗಿನ ಗಾಡಿಗಳ ಗಿಡ್ಡ ಕ್ಯಾಪ್ ಹಾಕಿದ್ರೂ ಚೆನ್ನಾಗೇ ತಿರುಗಿ ಲಾಕ್ ಆಗುತ್ತೆ, ಒಳಗಿನ ರಬ್ಬರ್ ಮಾತ್ರ ತಳ ಮುಟ್ಟೋದೇ ಇಲ್ಲ. ದೊಡ್ಡಪ್ಪ ಹಾಕ್ಸಿದ್ದು ಅಂಥದ್ದೇ, ಮೂರು ವರ್ಷದಿಂದ ಮುಚ್ಚಳ ಇಲ್ಲದ ಕುಕ್ಕರಲ್ಲಿ ಘಾಟಿ ಹತ್ತುತಿದ್ರು. ಹಾಗಂತ ಜಾಸ್ತಿ ಪೌಂಡಿನ ಕ್ಯಾಪ್ ತಂದು ಹಾಕಬೇಡಿ, ಹಳೇ ಬೆಸುಗೆ, ಹಳೇ ಹೀಟರ್ ಎಲ್ಲಾದ್ರೂ ಬಾಯಿ ಬಿಡುತ್ತೆ.

ಥರ್ಮೋಸ್ಟಾಟ್ ವಿಷ್ಯಕ್ಕೆ ಬರ್ತೀನಿ, ಇದಕ್ಕೆ ನಂಗೆ ಸ್ವಲ್ಪ ಸಿಟ್ಟಿದೆ. ನಮ್ಮಲ್ಲಿ ಗಾಡಿ ಹೀಟ್ ಅಂದ ಕೂಡ್ಲೇ ಅರ್ಧ ಗ್ಯಾರೇಜುಗಳು ಮಾಡೋ ಮೊದಲ ಕೆಲಸ ಅದನ್ನ ಕಿತ್ತು ಡಬ್ಬಿಗೆ ಹಾಕೋದು. ಅದರೊಳಗೆ ಇರೋದು ಒಂದು ಚಿಟಿಕೆ ಮೇಣ, ಬಿಸಿಗೆ ಕರಗಿ ಉಬ್ಬಿ ಒಂದು ಕಡ್ಡಿ ತಳ್ಳುತ್ತೆ, ಬಾಗ್ಲು ತೆರೆಯುತ್ತೆ. 82 ಡಿಗ್ರಿದು ಅಂದ್ರೆ ಅಲ್ಲಿ ತೆರೆಯೋಕೆ ಶುರು, ಇನ್ನೊಂದು ಹತ್ತು ಹನ್ನೆರಡು ಡಿಗ್ರಿಗೆ ಪೂರ್ತಿ ತೆರೆದಿರುತ್ತೆ. ಘಾಟಿ ಅರ್ಧ ಹತ್ತೋ ಹೊತ್ತಿಗೆ ಅದು ಹೆಂಗೂ ಬಾಯಿ ತೆರ್ಕೊಂಡೇ ಇರುತ್ತೆ, ಕಿತ್ತು ಏನು ಸಿಕ್ಕಿತು? ಕಿತ್ತಿದ್ರಿಂದ ಆಗೋದು ಏನಂದ್ರೆ ಜುಲೈ ತಿಂಗ್ಳ ಜಡಿಮಳೇಲಿ ತೀರ್ಥಹಳ್ಳಿ ಪೇಟೆಗೆ ಹೋಗಿ ಬಂದ್ರೆ ಇಂಜಿನ್ ಬಿಸಿನೇ ಆಗಲ್ಲ, ಆಯಿಲಲ್ಲಿ ಸೇರಿದ ನೀರಿನ ಪಸೆ ಆವಿಯಾಗಿ ಹೋಗಲ್ಲ, ಆಯಿಲ್ ಕ್ಯಾಪ್ ಕೆಳಗೆ ಬೆಣ್ಣೆ ಥರ ಬೆಳ್ಳಗೆ ಕಟ್ಟುತ್ತೆ, ಒಳಗೆ ಸವೆತ ಜಾಸ್ತಿ. "ನೀರು ಜೋರಾಗಿ ಓಡಿದ್ರೆ ತಣ್ಣಗಾಗೋಕೆ ಟೈಮೇ ಸಿಗಲ್ಲ" ಅಂತ ಅದನ್ನ ಉಳಿಸ್ಕೊಳ್ಳೋ ಪರ ವಾದ ಮಾಡೋರೂ ಇದಾರೆ, ಅದೂ ತಪ್ಪು ಕಾರಣ, ಜೋರಾಗಿ ಓಡಿದಷ್ಟೂ ಬಿಸಿ ಸಾಗಾಟ ಒಳ್ಳೇದೇ ಆಗೋದು. ಸರಿಯಾದ ಕಾರಣ ಅಂದ್ರೆ ಆ ಸಣ್ಣ ಬಾಗ್ಲಿನ ತಡೆಯಿಂದ ಹೆಡ್ (ಇಂಜಿನ್ ಮೇಲ್ಭಾಗ) ಒಳಗೆ ಒತ್ತಡ ಸ್ವಲ್ಪ ಜಾಸ್ತಿ ನಿಲ್ಲುತ್ತೆ, ವಾಲ್ವ್ ಹತ್ರ ಆವಿ ಗುಳ್ಳೆ ಏಳೋದು ಕಮ್ಮಿ. ಅನುಮಾನ ಇದ್ರೆ ದಾರ ಕಟ್ಟಿ ಪಾತ್ರೆ ನೀರಲ್ಲಿ ತಳ ಮುಟ್ಟದ ಹಾಗೆ ಇಳಿಬಿಟ್ಟು ಗ್ಯಾಸ್ ಮೇಲೆ ಕಾಯ್ಸಿ ನೋಡಿ, ತೆರೆಯಲಿಲ್ಲ ಅಂದ್ರೆ ಹೊಸದು ಹಾಕಿ.

ಇಷ್ಟಾದ್ರೂ ನಮ್ಮ ಗಾಡಿ ಪೂರ್ತಿ ಸರಿ ಆಗಿರಲಿಲ್ಲ. ಕ್ಯಾಪ್ ಬದಲಾಯ್ಸಿ, ಬ್ಲಾಕ್ ತೊಳೆದು, ಮೇಸ್ತ್ರಿ ಒಂದು ರೌಂಡ್ ಓಡಿಸ್ಕೊಂಡು ಬಂದ್ರು. ಬಂದವ್ರು ರೇಡಿಯೇಟರ್ ನೋಡಲಿಲ್ಲ, ಬಗ್ಗಿ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅಂದ್ರೆ ಇಂಜಿನಿಂದ ಹೊಗೆ ಹೊರಗೆ ಬರೋ ಕೊಳವೆ ನೋಡಿದ್ರು. "ಇದು ಇಷ್ಟು ಕಾಯಬಾರ್ದು. ಟೈಮಿಂಗ್ ಹಿಂದೆ ಬಿದ್ದಿದೆ" ಅಂದ್ರು.

ದೊಡ್ಡಪ್ಪ ಟೈಮಿಂಗ್ ಲೈಟ್ (ಕಿಡಿ ಹಾರಿದಾಗೆಲ್ಲ ಮಿಂಚಿ ಮುಂದಿನ ಪುಲ್ಲಿ ಮೇಲಿನ ಗುರುತು ತೋರ್ಸೋ ದೀಪ) ಇಟ್ಟು ತಾವೇ ನೋಡಿದ್ದೀನಿ, ಸರಿ ಇದೆ ಅಂತ ವಾದಕ್ಕೆ ನಿಂತ್ರು. ಟೈಮಿಂಗ್ ಅಂದ್ರೆ ಇಷ್ಟೇ: ಪೆಟ್ರೋಲ್ ಗಾಳಿ ಹತ್ತಿ ಉರಿಯೋಕೆ ಹೊತ್ತು ಬೇಕು, ಅದಕ್ಕೇ ಪಿಸ್ಟನ್ ತುದಿ ಮುಟ್ಟೋಕೆ ಸ್ವಲ್ಪ ಮುಂಚೆನೇ ಕಿಡಿ ಹಾರ್ಬೇಕು. ಉಯ್ಯಾಲೆ ತಳ್ಳಿದ ಹಾಗೆ, ಸರಿಯಾದ ಗಳಿಗೇಲಿ ತಳ್ಳಿದ್ರೆ ಬೆರಳು ಸಾಕು, ಅದು ಮುಂದೆ ಹೋದ ಮೇಲೆ ತಳ್ಳಿದ್ರೆ ನಮ್ಮ ಕೈ ಬರೀ ಗಾಳಿಗೆ. ಕಿಡಿ ತಡ ಆದ್ರೆ ಪಿಸ್ಟನ್ ಕೆಳಗೆ ಓಡ್ತಾ ಇರೋವಾಗ್ಲೂ ಬೆಂಕಿ ಉರೀತಾನೇ ಇರುತ್ತೆ, ತಳ್ಳೋಕೆ ಆಗಬೇಕಿದ್ದ ಬಿಸಿ ಎಕ್ಸಾಸ್ಟ್ ವಾಲ್ವಿಗೆ, ಅದರ ಸುತ್ತಲಿನ ನೀರಿಗೆ ಹೋಗುತ್ತೆ. ಶಕ್ತಿ ಸಾಲ್ದೇ ಡ್ರೈವರ್ ಇನ್ನೂ ಆಕ್ಸಿಲರೇಟರ್ ಒತ್ತುತಾನೆ, ಇನ್ನೂ ಬಿಸಿ. ಯಾವ ರೇಡಿಯೇಟರ್ ತಡ್ಕೊಳ್ಳುತ್ತೆ?

ಮೇಸ್ತ್ರಿ ವಾದ ಮಾಡಲಿಲ್ಲ. ಒಂದು ಹಳೇ ಸ್ಪಾರ್ಕ್ ಪ್ಲಗ್ ತಂದ್ರು, ಒಳಗಿನ ಪಿಂಗಾಣಿ ಒಡೆದು ತೆಗೆದು ಅದರ ಜಾಗಕ್ಕೆ ಒಂದು ಬೋಲ್ಟ್ ವೆಲ್ಡ್ ಮಾಡಿಟ್ಟಿದ್ರು. ಒಂದನೇ ಸಿಲಿಂಡರ್ ಪ್ಲಗ್ ಬಿಚ್ಚಿ ಅದನ್ನ ಹಾಕಿದ್ರು, ಮಿಕ್ಕ ಮೂರು ಪ್ಲಗ್ಗೂ ತೆಗೆದ್ರು. ಕೈಯಲ್ಲೇ ನಿಧಾನಕ್ಕೆ ಇಂಜಿನ್ ತಿರುಗಿಸಿದ್ರೆ ಪಿಸ್ಟನ್ ಬಂದು ಆ ಬೋಲ್ಟಿಗೆ ತಾಗಿ ನಿಲ್ತು, ಮುಂದಿನ ಪುಲ್ಲಿ ಮೇಲೆ ಚಾಕ್‌ಪೀಸಲ್ಲಿ ಒಂದು ಗೆರೆ. ಈಗ ಉಲ್ಟಾ ತಿರುಗಿಸಿದ್ರು, ಮತ್ತೆ ತಾಗಿ ನಿಲ್ತು, ಇನ್ನೊಂದು ಗೆರೆ. ಎರಡು ಗೆರೆಯ ನಟ್ಟನಡುವೆ ಇರೋದೇ ಪಿಸ್ಟನ್ ನಿಜವಾಗ್ಲೂ ತುದಿ ಮುಟ್ಟೋ ಜಾಗ. ಕಂಪನಿ ಕೊರೆದ ಗುರುತು ಅಲ್ಲಿರಬೇಕಿತ್ತು, ಇರಲಿಲ್ಲ, ಒಂದು ಕಿರುಬೆರಳಗಲ ಸರಿದಿತ್ತು, ಡಿಗ್ರಿ ಲೆಕ್ಕದಲ್ಲಿ ಹತ್ತರ ಹತ್ರ. ಆ ಪುಲ್ಲಿ ಒಂದೇ ತುಂಡಲ್ಲ, ನಡುವಿನ ಗುಂಬಕ್ಕೂ ಹೊರಗಿನ ಬಳೆಗೂ ಮಧ್ಯೆ ನಡುಕ ತಡೆಯೋ ರಬ್ಬರ್ ಇದೆ, ರಬ್ಬರ್ ಹಳೇದಾಗಿ ಬಿಟ್ಕೊಂಡು ಹೊರಗಿನ ಬಳೆ ಗುರುತಿನ ಸಮೇತ ಜಾರಿತ್ತು.

"ಲೈಟ್ ಸುಳ್ಳು ಹೇಳಿಲ್ಲ ಗೌಡ್ರೆ, ಗುರುತೇ ಸುಳ್ಳು" ಅಂದ್ರು ಮೇಸ್ತ್ರಿ. ದೊಡ್ಡಪ್ಪ ಮಾತಾಡಲಿಲ್ಲ, ಒಂದು ಎಲೆ ಅಡಿಕೆ ಹಾಕ್ಕೊಂಡ್ರು.

ಮೇಸ್ತ್ರಿಗೆ ಇದೆಲ್ಲ ಹೆಂಗೆ ಗೊತ್ತು ಅಂತ ಕೇಳ್ಬಹುದು, ಅವ್ರು ಜೀವ್ನದಲ್ಲಿ ನೋಡಿದ ಮೊದಲ ಎಂಜಿಬಿ ಇದೇ. ಆದ್ರೆ ನಲವತ್ತು ವರ್ಷ ಅಂಬಾಸಡರ್ ಟ್ಯಾಕ್ಸಿ ರಿಪೇರಿ ಮಾಡಿದವ್ರು. ಅಂಬಾಸಡರ್ ಪೆಟ್ರೋಲ್ ಗಾಡಿಯ 1489 ಸಿಸಿ ಇಂಜಿನ್ನೂ, ಎಂಜಿಬಿಯ 1798 ಸಿಸಿ ಇಂಜಿನ್ನೂ ಒಂದೇ ವಂಶ, ಎರಡೂ ಇಂಗ್ಲೆಂಡಿನ ಬಿಎಂಸಿ (ಬ್ರಿಟಿಷ್ ಮೋಟರ್ ಕಾರ್ಪೊರೇಷನ್) ಕಂಪನಿಯ ಬಿ ಸೀರೀಸ್. 1955ರಲ್ಲಿ ಬಂದ ಎಂಜಿಎ ಸ್ಪೋರ್ಟ್ಸ್ ಕಾರಲ್ಲಂತೂ ಅದೇ 1489 ಸಿಸಿನೇ ಇದ್ದಿದ್ದು. ಬಾನೆಟ್ ಎತ್ತಿದ ಕೂಡ್ಲೇ ಅವ್ರು "ಓ, ಇದು ನಮ್ದೇ" ಅಂದಿದ್ರು. ಹಂಗಾಗಿ ನಿಮ್ಮೂರಲ್ಲಿ ಹಳೇ ಅಂಬಾಸಡರ್ ಮೇಸ್ತ್ರಿ ಯಾರಾದ್ರೂ ಇದ್ರೆ ಬಿಡಬೇಡಿ.

ಇನ್ನೊಂದು ಈಗಿನ ತಾಪತ್ರಯ, ಇ20, ಅಂದ್ರೆ ಶೇಕಡ 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಉರಿಯೋಕೆ ಗಾಳಿ ಕಮ್ಮಿ ಸಾಕು, ತೂಕದಲ್ಲಿ ಒಂದು ಪಾಲು ಶುದ್ಧ ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕಿದ್ರೆ ಇ20ಗೆ 13.5ರ ಹತ್ರ. ಈಗಿನ ಗಾಡಿ ಕಂಪ್ಯೂಟರ್ ಅದನ್ನ ಸರಿ ಮಾಡ್ಕೊಳ್ಳುತ್ತೆ, ಗಾಳಿಗೆ ಪೆಟ್ರೋಲ್ ಬೆರೆಸೋ 1967ರ ಕಾರ್ಬೊರೇಟರಿಗೆ ಏನು ಗೊತ್ತು, ಅದು ಹಳೇ ಲೆಕ್ಕದಲ್ಲೇ ಕೊಡುತ್ತೆ, ಅಂದ್ರೆ ಮಿಕ್ಸ್ಚರ್ ಶೇಕಡ 8ರಷ್ಟು ತೆಳು ಆಯ್ತು. ತೆಳು ಮಿಕ್ಸ್ಚರ್ ನಿಧಾನಕ್ಕೆ ಉರಿಯುತ್ತೆ, ಮತ್ತೆ ಅದೇ ತಡ ಕಿಡಿ ಕಥೆ. ಪ್ಲಗ್ ತೆಗೆದು ನೋಡಿ, ತುದಿ ಸುಣ್ಣದ ಹಾಗೆ ಬಿಳಿ ಇದ್ರೆ ತೆಳು, ಕಂದು ಇದ್ರೆ ಸರಿ. ಎಂಜಿಬಿಯಲ್ಲಿರೋ ಎಸ್‌ಯು ಕಂಪನಿ ಕಾರ್ಬೊರೇಟರಲ್ಲಿ ಜೆಟ್ ಕೆಳಗಿನ ನಟ್ಟನ್ನ ಒಂದೆರಡು ಮೂಲೆ ಕೆಳಕ್ಕೆ ಇಳಿಸಿದ್ರೆ ಪೆಟ್ರೋಲ್ ಜಾಸ್ತಿ ಬರುತ್ತೆ, ಎರಡು ಕಾರ್ಬೊರೇಟರಿಗೂ ಒಂದೇ ಲೆಕ್ಕದಲ್ಲಿ ಇಳಿಸಬೇಕು.

ಅಂದಹಾಗೆ ಇದೆಲ್ಲ ಮಾಡೋ ಮುಂಚೆ ಗೇಜ್ ನಿಜ ಹೇಳ್ತಿದೆಯಾ ನೋಡ್ಕೊಳ್ಳಿ, ನಾನು ಮೊದಲೇ ಬರೀಬೇಕಿತ್ತು. ಗನ್ ಥರದ ಇನ್‌ಫ್ರಾರೆಡ್ ಥರ್ಮಾಮೀಟರ್ ತಗೊಂಡು ಥರ್ಮೋಸ್ಟಾಟ್ ಕೂರೋ ಜಾಗಕ್ಕೆ ಹಿಡೀರಿ, ಅಲ್ಲಿ ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟ್ಸಿ ಅದರ ಮೇಲೆ ಹಿಡೀರಿ, ಹೊಳೆಯೋ ಲೋಹದ ಮೇಲೆ ಹಿಡಿದ್ರೆ ಕಮ್ಮಿ ತೋರ್ಸುತ್ತೆ.

ದಾರೀಲಿ ಏರಿತು ಅಂದ್ರೆ ಏನು ಮಾಡೋದು? ಇನ್ನೂ ಕುದಿದಿಲ್ಲ ಅಂದ್ರೆ ಹೀಟರ್ ಪೂರ್ತಿ ತೆರೀರಿ, ಕಾಲು ಬೇಯುತ್ತೆ, ಬೇಯಲಿ, ಅದೊಂದು ಪುಟ್ಟ ರೇಡಿಯೇಟರೇ. ಮುಂದಿನ ಗಾಡಿಯಿಂದ ದೂರ ಬಿಡಿ, ಜಾಗ ನೋಡಿ ನಿಲ್ಸಿ ನ್ಯೂಟ್ರಲಲ್ಲಿ ಸ್ವಲ್ಪ ರೇಸ್ ಹಿಡಿದಿಡಿ, ಭಾರ ಇಲ್ಲದೇ ಪಂಪು ಫ್ಯಾನು ತಿರುಗಲಿ. ಆವಿ ಬರೋಕೆ ಶುರು ಆಗಿದ್ರೆ ಆಫ್ ಮಾಡಿ. ಕ್ಯಾಪ್ ಮಾತ್ರ ಮುಟ್ಟಬೇಡಿ, ಒಳಗಿರೋದು 110 ಡಿಗ್ರಿ ನೀರು, ತೆರೆದ ಕ್ಷಣ ಒತ್ತಡ ಬಿಟ್ಟು ಪೂರ್ತಿ ಕುದ್ದು ಮುಖಕ್ಕೆ ಹಾರುತ್ತೆ. ಮುಕ್ಕಾಲು ಗಂಟೆ ಬಿಟ್ಟು ಬಟ್ಟೆ ಸುತ್ತಿ ನಿಧಾನಕ್ಕೆ ತೆರೀರಿ, ಇಂಜಿನ್ ಸ್ಟಾರ್ಟ್ ಮಾಡ್ಕೊಂಡು ಸ್ವಲ್ಪ ಸ್ವಲ್ಪನೇ ನೀರು ಹಾಕಿ. ಕಾದ ಕಬ್ಬಿಣಕ್ಕೆ ಹಳ್ಳದ ತಣ್ಣೀರು ಒಂದೇ ಸಲ ಸುರಿದ್ರೆ ಬ್ಲಾಕ್ ಸೀಳುತ್ತೆ. ಪದೇ ಪದೇ ನೀರು ಕಮ್ಮಿ ಆಗ್ತಿದ್ದು, ಸ್ಟಾರ್ಟ್ ಮಾಡಿದ ಕೂಡ್ಲೇ ರೇಡಿಯೇಟರ್ ಬಾಯಲ್ಲಿ ಬುಳುಬುಳು ಗುಳ್ಳೆ ಬರ್ತಿದ್ರೆ ಹೆಡ್ಡಿಗೂ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿದೆ, ಅದಕ್ಕೆ ಈ ಲೇಖನ ಸಾಲಲ್ಲ.

ಪುಲ್ಲಿ ಬದಲಾಯ್ಸಿ, ಟೈಮಿಂಗ್ ಮತ್ತೆ ಕೂರ್ಸಿ, ಈ ಮೇ ತಿಂಗ್ಳಲ್ಲಿ ಬೇಕಂತಲೇ ಮಧ್ಯಾಹ್ನ ಎರಡು ಗಂಟೆಗೆ ಸೋಮೇಶ್ವರದಿಂದ ಹೊರಟ್ವಿ. ಈ ಸಲ ಮುಂದೆ ಒಂದು ಬಸ್ಸು. ಹದಿನಾಲ್ಕೂ ತಿರುವು ಅದರ ಹಿಂದೇನೇ. ಮುಳ್ಳು ನಡುವಿಂದ ಒಂದು ಕೂದಲಷ್ಟು ಬಲಕ್ಕೆ ಹೋಗಿ ಅಲ್ಲೇ ನಿಂತಿತು. ಆಗುಂಬೆ ಪೇಟೇಲಿ ಟೀ ಕುಡಿಯೋಕೆ ಅಂತ ದೊಡ್ಡಪ್ಪ ಗಾಡಿ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದ್ರೆ ಮುಳ್ಳು ಇನ್ನೂ ಮೇಲೆ. "ನೋಡಾ, ಮತ್ತೆ ಶುರು ಆಯ್ತು!" ಅಂತ ಕೂಗಾಡಿದ್ರು. ಶುರು ಆಗಿದ್ದೇನಲ್ಲ. ಇಂಜಿನ್ ನಿಂತ್ರೆ ಪಂಪೂ ನಿಲ್ಲುತ್ತೆ, ಹೆಡ್ಡಿನ ಕಬ್ಬಿಣದಲ್ಲಿ ಕೂತಿದ್ದ ಬಿಸಿ ನಿಂತ ನೀರಿಗೆ ಇಳಿಯುತ್ತೆ, ಎಲ್ಲಾ ಗಾಡೀಲೂ ಹಂಗೇ. ಈ ಇಂಜಿನಲ್ಲಿ ಕಾರ್ಬೊರೇಟರ್ ಎಕ್ಸಾಸ್ಟ್ ಮೇಲೇ ಕೂತಿರೋದ್ರಿಂದ ಪೆಟ್ರೋಲೂ ಅಲ್ಲೇ ಕುದ್ದು ಸ್ಟಾರ್ಟ್ ಆಗೋಕೆ ಸತಾಯಿಸುತ್ತೆ. ಏರು ಹತ್ತಿ ಬಂದ ಮೇಲೆ ಒಂದೆರಡು ನಿಮಿಷ ಐಡಲಲ್ಲಿ ಬಿಟ್ಟು ಆಮೇಲೆ ಆಫ್ ಮಾಡಿದ್ರೆ ಇದು ಅರ್ಧ ಕಮ್ಮಿ. ಸ್ಟಾರ್ಟ್ ಮಾಡಿ ಅಂದೆ, ಎರಡು ಸಲ ಕೆಮ್ಮಿ ಹಿಡೀತು, ಮೇಗರವಳ್ಳಿ ಮುಟ್ಟೋ ಮೊದಲೇ ಮುಳ್ಳು ತನ್ನ ಜಾಗಕ್ಕೆ ಬಂದಿತ್ತು.